ಹೆಸರಿನ ಮುಂದೆ ಎರಡಕ್ಷರ, ಪಕ್ಕದಲ್ಲಿ ನಾಲ್ಕಂಕಿ

ಹೋದ ವಾರ ಒಂದು ರೇಟೆಡ್ ಚೆಸ್ ಟೂರ್ನಮೆಂಟ್ ಆಡಿ ಬಂದೆ. ಆರನೇ ರೌಂಡಲ್ಲಿ ಯಾರಿಗೆ ಯಾರು ಎದುರಾಳಿ ಅನ್ನೋ ಪೇರಿಂಗ್ ಶೀಟ್ ಗೋಡೆಗೆ ಅಂಟಿಸಿದ ತಕ್ಷಣ ಎಲ್ಲರೂ ಮುಗಿಬಿದ್ರು, ನಾನೂ ನುಗ್ಗಿ ನನ್ನ ಹೆಸರು ಹುಡುಕಿದೆ, ಎದುರಾಳಿ ಹೆಸರಿನ ಮುಂದೆ ಎಫ್‌ಎಂ ಅನ್ನೋ ಟೈಟಲ್ ಇತ್ತು, ಪಕ್ಕದಲ್ಲಿ ರೇಟಿಂಗ್, 1938. ನನ್ನದು 1738. ನನ್ನ ಭುಜದ ಮೇಲಿಂದ ಬಗ್ಗಿ ನೋಡ್ತಿದ್ದ ಒಬ್ಬ ಹುಡುಗ, ಹನ್ನೆರಡು ಹದಿಮೂರು ವಯಸ್ಸಿರಬೇಕು, ಪಕ್ಕದವನಿಗೆ ಹೇಳ್ದ, "ಎಫ್‌ಎಂ ಅಂತೆ ನೋಡೋ, ರೇಟಿಂಗ್ ನನಗಿಂತ ಕಮ್ಮಿ ಇದೆ, ಎಂಥ ಎಫ್‌ಎಂ?" ಅಂತ. ಅವನು ಕೆಟ್ಟದಾಗಿ ಹೇಳಿದ್ದಲ್ಲ, ನಿಜವಾಗ್ಲೂ ಅರ್ಥ ಆಗದೆ ಕೇಳಿದ್ದು. ರೌಂಡ್ ಶುರುವಾಗೋ ಹೊತ್ತಾದ್ದರಿಂದ ಆಗ ಏನೂ ಹೇಳೋಕಾಗ್ಲಿಲ್ಲ. ಆದ್ರೆ ಆ ಪ್ರಶ್ನೆ ಒಂದು ವಾರದಿಂದ ತಲೇಲೇ ಕೂತಿದೆ, ಅದಕ್ಕೇ ಇದನ್ನ ಬರೀತಾ ಇದೀನಿ.

ಮೊದಲು ಆಟದ ಬಗ್ಗೆ ಹೇಳ್ಬಿಡ್ತೀನಿ. ಎಪ್ಪತ್ತರ ಹತ್ತಿರದ ಹಿರಿಯರು, ಕೈ ಸ್ವಲ್ಪ ನಡುಗ್ತಿತ್ತು, ಬಿಳಿ ಕಾಯಿ ನನ್ನದು. ನಡು ಆಟದಲ್ಲಿ ಅವರು ಒಂದು ಲೆಕ್ಕ ತಪ್ಪಿದ್ರು, ನನಗೊಂದು ಪಾನ್, ಅಂದ್ರೆ ಪದಾತಿ, ಸಿಕ್ತು, ಕೊನೆಗೆ ಉಳಿದದ್ದು ಇಬ್ಬರಿಗೂ ಒಂದೊಂದು ಆನೆ, ರಾಜನ ಪಕ್ಕ ನನಗೆ ನಾಲ್ಕು ಪಾನ್, ಅವರಿಗೆ ಮೂರು. ಇಷ್ಟು ಹೊತ್ತಿಗೆ ಗೆದ್ದೇಬಿಟ್ಟೆ ಅಂದ್ಕೊಂಡಿದ್ದೆ. ಅವರು ಹೆಚ್ಚು ಯೋಚನೆ ಮಾಡದೆ ತಮ್ಮ ಪಾನನ್ನ ಎಚ್5 ಮನೆಗೆ ತಳ್ಳಿದ್ರು, ಆನೆಯನ್ನ ನನ್ನ ಪಾನ್‌ಗಳ ಹಿಂದೆ ತಂದು ನಿಲ್ಲಿಸಿದ್ರು, ಆಮೇಲೆ ಒಂದೂವರೆ ಗಂಟೆ ನಾನು ಏನೇ ಮಾಡಿದ್ರೂ ಆ ಗೋಡೆ ಅಲುಗಾಡಲಿಲ್ಲ. ಡ್ರಾ. ಮುಗಿದ ಮೇಲೆ ಅವರು "ನೀವು ಚೆನ್ನಾಗೇ ಆಡಿದ್ರಿ ಕಣಪ್ಪಾ, ಆದ್ರೆ ನಾನು ಎಚ್5 ಆಡೋಕೆ ಬಿಡಬಾರದಿತ್ತು, ಅದಕ್ಕೆ ಮುಂಚೆ ನೀವೇ ಜಿ4 ತಳ್ಳಬೇಕಿತ್ತು" ಅಂತ ಕಾಯಿಗಳನ್ನ ಮತ್ತೆ ಜೋಡಿಸಿ ತೋರಿಸಿದ್ರು. ನಡುಗೋ ಕೈ, ಆದ್ರೆ ಪ್ರತಿ ಮನೆಯೂ ನೆನಪಿತ್ತು. ನಲವತ್ತು ವರ್ಷದ ಹಿಂದೆ ಕಲಿತದ್ದು ಎಲ್ಲೂ ಹೋಗಿರಲಿಲ್ಲ.

ಆ ಡ್ರಾದಿಂದ ನನಗೆ 5.2 ರೇಟಿಂಗ್ ಪಾಯಿಂಟ್ ಬಂತು, ಅವರಿಂದ 5.2 ಹೋಯ್ತು.

ಈ 5.2 ಎಲ್ಲಿಂದ ಬಂತು ಅನ್ನೋದನ್ನ ತುಂಬಾ ಜನ ಆಡೋರೂ ಸರಿಯಾಗಿ ನೋಡಿರಲ್ಲ. ಆರ್ಪಾಡ್ ಎಲೋ ಅಂತ ಹಂಗೇರಿ ಮೂಲದ ಫಿಸಿಕ್ಸ್ ಮೇಷ್ಟ್ರು ಇದ್ರು, ಅಮೆರಿಕದ ಮಿಲ್ವಾಕಿಯಲ್ಲಿ ಪಾಠ ಮಾಡ್ತಿದ್ರು, ತಾವೂ ಒಳ್ಳೆ ಆಟಗಾರರು. ಅವರು ಕಟ್ಟಿದ ಪದ್ಧತಿ ಇದು, ಅಮೆರಿಕದ ಚೆಸ್ ಫೆಡರೇಶನ್ 1960ರಲ್ಲಿ ತಗೊಂಡಿತು, ಫಿಡೆ, ಅಂದ್ರೆ ವಿಶ್ವ ಚೆಸ್ ಸಂಸ್ಥೆ, 1970ರಲ್ಲಿ ಒಪ್ಪಿಕೊಂಡಿತು. ಎಲೋ ಅನ್ನೋದು ಯಾವುದೋ ಉದ್ದ ಹೆಸರಿನ ಚಿಕ್ಕ ರೂಪ ಅಂದ್ಕೊಂಡಿರೋರು ಬಹಳ ಜನ, ಅಲ್ಲ, ಅದು ಮನುಷ್ಯನ ಹೆಸರು. ಲೆಕ್ಕ ಸುಲಭ: ಗೆಲುವಿಗೆ 1, ಡ್ರಾಗೆ 0.5, ಸೋಲಿಗೆ 0 ಪಾಯಿಂಟ್, ಇಬ್ಬರ ರೇಟಿಂಗ್ ನಡುವಿನ ಅಂತರ ನೋಡಿ ಯಾರಿಂದ ಎಷ್ಟು ಪಾಯಿಂಟ್ ನಿರೀಕ್ಷೆ ಮಾಡಬಹುದು ಅಂತ ಮೊದಲೇ ಹೇಳ್ತಾರೆ. ಸಮಸಮ ಇದ್ರೆ ಅರ್ಧ ಅರ್ಧ. 200 ಅಂತರ ಇದ್ರೆ ದೊಡ್ಡವರಿಂದ 0.76, ಚಿಕ್ಕವರಿಂದ 0.24. ನಾನು ಡ್ರಾ ಮಾಡಿದೆ, ಅಂದ್ರೆ 0.5, ನಿರೀಕ್ಷೆಗಿಂತ 0.26 ಜಾಸ್ತಿ, ಅದನ್ನ ಕೆ ಅನ್ನೋ ಒಂದು ಸಂಖ್ಯೆಯಿಂದ ಗುಣಿಸ್ತಾರೆ, ನಮ್ಮಿಬ್ಬರಿಗೂ ಕೆ 20, ಹಾಗಾಗಿ 5.2. ನಾನು ಗೆದ್ದಿದ್ರೆ 15.2 ಬರ್ತಿತ್ತು, ಸೋತಿದ್ರೆ 4.8 ಹೋಗ್ತಿತ್ತು. ಅಷ್ಟೇ. ಇದರಲ್ಲಿ ಯಾರು ಚೆನ್ನಾಗಿ ಆಡಿದ್ರು, ಯಾರ ವಯಸ್ಸೆಷ್ಟು, ಯಾರಿಗೆ ಜ್ವರ ಇತ್ತು ಯಾವುದೂ ಲೆಕ್ಕಕ್ಕೆ ಬರಲ್ಲ, ಫಲಿತಾಂಶ ಮಾತ್ರ.

ಆದ್ರೆ ಈ ಕೆ ಎಲ್ಲರಿಗೂ ಒಂದೇ ಅಲ್ಲ. ಹೊಸದಾಗಿ ಲಿಸ್ಟಿಗೆ ಬಂದವರಿಗೆ ಮೂವತ್ತು ಗೇಮ್ ಮುಗಿಯೋವರೆಗೆ 40, ಹದಿನೆಂಟು ತುಂಬದ ಮಕ್ಕಳಿಗೂ 2300ರ ಒಳಗಿದ್ರೆ 40, ಸಾಮಾನ್ಯವಾಗಿ 20, ಒಂದು ಸಲ 2400 ಮುಟ್ಟಿದವರಿಗೆ 10. ಅಂದ್ರೆ ನನ್ನ ಎದುರು 200 ಕಮ್ಮಿ ಇರೋ ಮಗು ಕೂತು ಗೆದ್ರೆ ಅದಕ್ಕೆ 30.4 ಸಿಗತ್ತೆ, ನನ್ನಿಂದ 15.2 ಹೋಗತ್ತೆ. ಮಕ್ಕಳು ಬೇಗ ಬೆಳೀತಾರೆ, ಅವರ ನಂಬರ್ ಅವರ ಆಟದ ಹಿಂದೆ ಓಡ್ತಿರತ್ತೆ, ಅದನ್ನ ಹಿಡಿಯೋಕೆ ಈ ವ್ಯವಸ್ಥೆ, ನನಗೆ ಇದು ಸರಿ ಅನ್ಸತ್ತೆ. ಆದ್ರೂ ಮಕ್ಕಳೇ ತುಂಬಿರೋ ಟೂರ್ನಮೆಂಟಲ್ಲಿ ಹಿರಿಯರೊಬ್ಬರು ವರ್ಷಕ್ಕೆ ಐವತ್ತು ಗೇಮ್ ಆಡಿದ್ರೆ ಅವರ ನಂಬರ್ ಕರಗ್ತಾ ಹೋಗೋದಕ್ಕೆ ಇದೂ ಒಂದು ಕಾರಣ. ಅವರು ಕೆಟ್ಟದಾಗಿ ಆಡ್ತಿದಾರೆ ಅಂತಲೇ ಅಲ್ಲ, ಎದುರಿಗಿರೋ ಮಗುವಿನ 1500 ಆ ದಿನ ನಿಜವಾಗಿ 1500 ಆಗಿರಲ್ಲ. ಕೆಳಗಿನ ರೇಟಿಂಗ್‌ಗಳು ಹೀಗೆ ತೀರಾ ಕುಸಿದವು ಅಂತ್ಲೇ ಫಿಡೆ 2024ರ ಮಾರ್ಚಲ್ಲಿ 2000ದ ಕೆಳಗಿದ್ದ ಎಲ್ಲರಿಗೂ ಒಂದೇ ಸಲ ಏರಿಸಿತು, 2000ಕ್ಕೆ ಎಷ್ಟು ಕಮ್ಮಿ ಇದೆಯೋ ಅದರ ನೂರಕ್ಕೆ ನಲವತ್ತರಷ್ಟು ಸೇರಿಸಿ, ಲಿಸ್ಟಿನ ತಳವನ್ನ 1400ಕ್ಕೆ ತಂದ್ರು. 1500 ಇದ್ದವನು ರಾತ್ರಿ ಕಳೆದು ಬೆಳಗಾಗೋದ್ರೊಳಗೆ 1700 ಆದ. ಆಟ ಅದೇ, ಅಳತೆಗೋಲು ಬದಲಾಯ್ತು.

ಎಲೋ ಅವರೇ ಇದನ್ನ ಚೆನ್ನಾಗಿ ಹೇಳಿದಾರೆ. ಒಬ್ಬ ಆಟಗಾರನ ರೇಟಿಂಗ್ ಅಳೆಯೋದು ಅಂದ್ರೆ, ಅಲೆಗಳಲ್ಲಿ ಮೇಲೆ ಕೆಳಗೆ ಆಡ್ತಿರೋ ಬೆಂಡಿನ ತುಂಡು ಎಲ್ಲಿದೆ ಅಂತ, ಗಾಳಿಗೆ ತೂಗಾಡ್ತಿರೋ ಹಗ್ಗಕ್ಕೆ ಕಟ್ಟಿದ ಕೋಲಿಂದ ಅಳೆದ ಹಾಗೆ ಅಂತ. ಕಂಡುಹಿಡಿದವರೇ ಹೀಗೆ ಹೇಳಿರೋವಾಗ ನಾವು ಪಾಯಿಂಟಿನ ದಶಮಾಂಶ ನೋಡ್ಕೊಂಡು ರಾತ್ರಿಯೆಲ್ಲ ನಿದ್ದೆ ಬಿಡೋದು ಬೇಡ. ಇನ್ನೊಂದು, ಈ ನಂಬರಿಗೆ ಅರ್ಥ ಇರೋದು ಅದೇ ಗುಂಪಿನ ಒಳಗೆ ಮಾತ್ರ. ಆನ್‌ಲೈನ್ ಸೈಟಲ್ಲಿ 1900 ಇದ್ರೆ ಅದು ಫಿಡೆಯ 1900 ಅಲ್ಲ, ಕೆಲವೇ ನಿಮಿಷದ ಬ್ಲಿಟ್ಜ್ ಆಟದ ರೇಟಿಂಗ್ ಗಂಟೆಗಟ್ಟಲೆ ಆಡೋ ಕ್ಲಾಸಿಕಲ್ ರೇಟಿಂಗ್ ಅಲ್ಲ, ವಿಶ್ವ ಚಾಂಪಿಯನ್‌ಗಳಾಗಿದ್ದ 1972ರ ಫಿಷರನ 2785ನ್ನ 2014ರ ಕಾರ್ಲ್‌ಸನ್ನನ 2882ರ ಪಕ್ಕ ಇಟ್ಟು ಯಾರು ದೊಡ್ಡವರು ಅಂತ ಜಗಳ ಆಡೋಕೂ ಆಗಲ್ಲ, ಎದುರಾಳಿಗಳೇ ಬೇರೆ.

ಹಾಗಾದ್ರೆ ಟೈಟಲ್ ಏನು? ಇಲ್ಲೇ ಆ ಹುಡುಗನ ಪ್ರಶ್ನೆಗೆ ಉತ್ತರ ಇರೋದು. ರೇಟಿಂಗ್ ಇವತ್ತು ನೀನು ಎಲ್ಲಿದೀಯ ಅಂತ ಹೇಳತ್ತೆ, ಟೈಟಲ್ ಒಂದು ದಿನ ನೀನು ಎಲ್ಲಿಗೆ ಹೋಗಿ ಮುಟ್ಟಿ ಬಂದೆ ಅಂತ ಹೇಳತ್ತೆ. ಸಿಕ್ಕಿದ ಮೇಲೆ ಜೀವನಪರ್ಯಂತ. ರೇಟಿಂಗ್ ಎಷ್ಟೇ ಇಳೀಲಿ, ಆಟ ಬಿಟ್ಟು ಮೂವತ್ತು ವರ್ಷ ಆಗ್ಲಿ, ಆ ಎರಡಕ್ಷರ ಹೋಗಲ್ಲ. ಕ್ಯಾಂಡಿಡೇಟ್ ಮಾಸ್ಟರ್‌ಗೆ 2200, ಫಿಡೆ ಮಾಸ್ಟರ್ ಅಂದ್ರೆ ಎಫ್‌ಎಂಗೆ 2300, ಇವೆರಡಕ್ಕೂ ಮುಖ್ಯವಾಗಿ ರೇಟಿಂಗ್ ಮುಟ್ಟಿದ್ರೆ ಸಾಕು. ಅದರ ಮೇಲಿನ ಐಎಂ (ಇಂಟರ್‌ನ್ಯಾಷನಲ್ ಮಾಸ್ಟರ್), ಜಿಎಂ (ಗ್ರ್ಯಾಂಡ್ ಮಾಸ್ಟರ್) ಎರಡಕ್ಕೂ ರೇಟಿಂಗ್ ಜೊತೆ ನಾರ್ಮ್ ಬೇಕು, ಅಲ್ಲೇ ಇರೋದು ಕಷ್ಟ.

ಜಿಎಂ ನಾರ್ಮ್ ಅಂದ್ರೆ ಸಾಮಾನ್ಯವಾಗಿ ಒಂಬತ್ತು ರೌಂಡಿನ ಒಂದು ಟೂರ್ನಮೆಂಟಲ್ಲಿ ನಿಮ್ಮ ಪರ್ಫಾರ್ಮೆನ್ಸ್, ಅಂದ್ರೆ ಆ ಟೂರ್ನಮೆಂಟಿನ ಫಲಿತಾಂಶಕ್ಕೆ ತಕ್ಕ ರೇಟಿಂಗ್, 2600 ಇರಬೇಕು, ಎದುರಾಳಿಗಳಲ್ಲಿ ಕನಿಷ್ಠ ಮೂವರು ಗ್ರ್ಯಾಂಡ್ ಮಾಸ್ಟರ್‌ಗಳಿರಬೇಕು, ಅರ್ಧದಷ್ಟು ಜನಕ್ಕೆ ಟೈಟಲ್ ಇರಬೇಕು, ಬೇರೆ ದೇಶದವರ ಜೊತೆ ಆಡಿರಬೇಕು, ಅದೂ ಕ್ಲಾಸಿಕಲ್ ಆಟ, ಬ್ಲಿಟ್ಜ್ ಗಿಟ್ಜ್ ನಡೆಯಲ್ಲ. ಎದುರಾಳಿಗಳ ಸರಾಸರಿ 2380 ಇದ್ರೆ 9ಕ್ಕೆ 7 ಪಾಯಿಂಟ್ ಮಾಡಬೇಕು, ಸರಾಸರಿ 2500 ಇದ್ರೆ 6 ಸಾಕು. ಇಂಥವು ಮೂರು, ಒಟ್ಟು ಕನಿಷ್ಠ 27 ಗೇಮ್, ಅದರ ಮೇಲೆ ಯಾವತ್ತಾದ್ರೂ ಒಂದು ಸಲ 2500 ಮುಟ್ಟಿರಬೇಕು. ಈ ಕೊನೇ ನಿಯಮದಲ್ಲಿ ಒಂದು ಒಳ್ಳೆತನ ಇದೆ, ಆ 2500 ತಿಂಗಳ ಲಿಸ್ಟಲ್ಲಿ ಅಚ್ಚಾಗಲೇಬೇಕು ಅಂತೇನಿಲ್ಲ, ಟೂರ್ನಮೆಂಟ್ ಮಧ್ಯದಲ್ಲಿ ಯಾವುದೋ ಒಂದು ಗೇಮ್ ಗೆದ್ದಾಗ ಮುಟ್ಟಿ ಮಾರನೇ ದಿನ ಸೋತು ಇಳಿದ್ರೂ ಲೆಕ್ಕಕ್ಕೆ ಬರತ್ತೆ. ಒಂದು ಸಂಜೆ ಅಲ್ಲಿದ್ರಿ, ಸಾಕು.

ಮೂರು ನಾರ್ಮ್ ಯಾಕೆ ಅಂದ್ರೆ, ಒಂದು ವಾರ ಯಾರಿಗಾದ್ರೂ ಅದೃಷ್ಟ ಖುಲಾಯಿಸಬಹುದು, ಮೂರು ಸಲ ಬೇರೆ ಬೇರೆ ಕಡೆ ಖುಲಾಯಿಸಲ್ಲ. ನನಗೆ ಈ ವ್ಯವಸ್ಥೆ ಬಹಳ ಇಷ್ಟ. ಎರಡು ನಾರ್ಮ್ ಆಗಿ ಮೂರನೇದಕ್ಕೆ ವರ್ಷಗಟ್ಟಲೆ ಕಾಯೋರು ಇರ್ತಾರೆ, ಕೊನೇ ರೌಂಡಲ್ಲಿ ಗೆಲ್ಲಬೇಕು, ಡ್ರಾ ಆಗತ್ತೆ, ಅರ್ಧ ಪಾಯಿಂಟ್ ತಪ್ಪತ್ತೆ, ಮತ್ತೆ ಮೊದಲಿಂದ. ಕೊನೇ ರೌಂಡ್ ದಿನ ಹಾಲಲ್ಲಿ ಯಾರು ನಾರ್ಮಿಗೆ ಆಡ್ತಿದಾರೆ ಅಂತ ಹೆಸರು ನೋಡದೇನೇ ಹೇಳಬಹುದು, ಅವರು ಕೂತಿರೋ ರೀತಿಯೇ ಬೇರೆ ಇರತ್ತೆ.

ಇನ್ನು ದೊಡ್ಡ ಟೂರ್ನಮೆಂಟ್ ಗೆದ್ದು ನೇರವಾಗಿ ಟೈಟಲ್ ಪಡೆಯೋ ದಾರಿನೂ ಇದೆ. 2025ರಲ್ಲಿ ದಿವ್ಯಾ ದೇಶಮುಖ್ ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್ ಗೆದ್ದಾಗ ಹೀಗೇ ಆಯ್ತು, ಅಲ್ಲಿಗೆ ಹೋಗೋವಾಗ ಒಂದೂ ಜಿಎಂ ನಾರ್ಮ್ ಇರಲಿಲ್ಲ, ವಾಪಸ್ ಬರೋವಾಗ ಗ್ರ್ಯಾಂಡ್ ಮಾಸ್ಟರ್. ಕೆಲವರು ಅದನ್ನ ಅಡ್ಡದಾರಿ ಅನ್ನೋ ಥರ ಮಾತಾಡಿದ್ರು, ನನಗೆ ಸಿಟ್ಟು ಬಂತು. ನಾಕೌಟಲ್ಲಿ ಒಬ್ಬೊಬ್ಬರನ್ನೇ ಸೋಲಿಸ್ತಾ ಫೈನಲ್ಲಲ್ಲಿ ಕೋನೇರು ಹಂಪಿಯನ್ನ ಗೆಲ್ಲೋದು ಯಾವ ನಾರ್ಮಿಗಿಂತ ಕಮ್ಮಿ ಹೇಳಿ.

ಮಹಿಳಾ ಟೈಟಲ್‌ಗಳ ವಿಷಯ ಬಂದಿದ್ದಕ್ಕೆ ಹೇಳ್ತೀನಿ. ಡಬ್ಲ್ಯೂಜಿಎಂ ಅಂದ್ರೆ ವುಮನ್ ಗ್ರ್ಯಾಂಡ್ ಮಾಸ್ಟರ್, ಅದಕ್ಕೆ 2300 ರೇಟಿಂಗ್ ಮತ್ತು ನಾರ್ಮ್‌ಗಳು ಬೇಕು, ಅಂದ್ರೆ ರೇಟಿಂಗ್ ಮಟ್ಟದಲ್ಲಿ ಎಫ್‌ಎಂಗೆ ಸಮ, ಐಎಂಗಿಂತ ಕೆಳಗೆ. ಜಿಎಂ ಅನ್ನೋದು ಗಂಡಸರ ಟೈಟಲ್ ಅಲ್ಲವೇ ಅಲ್ಲ, ಅದು ಎಲ್ಲರದ್ದು. ನೋನಾ ಗಪ್ರಿಂದಾಶ್ವಿಲಿ 1978ರಲ್ಲಿ ಅದನ್ನ ಪಡೆದ ಮೊದಲ ಮಹಿಳೆ. ಜುಡಿತ್ ಪೋಲ್ಗಾರ್ 1991ರಲ್ಲಿ ಹದಿನೈದೂವರೆ ತುಂಬೋ ಮೊದಲೇ ಜಿಎಂ ಆಗಿ ಫಿಷರ್ ಹೆಸರಲ್ಲಿದ್ದ ಅತಿ ಕಿರಿಯ ದಾಖಲೆ ಮುರಿದವರು, ಮುಂದೆ 2735 ಮುಟ್ಟಿ ಜಗತ್ತಿನ ಎಂಟನೇ ಸ್ಥಾನಕ್ಕೆ ಹೋದ್ರು. ಪ್ರತ್ಯೇಕ ಟೈಟಲ್ ಇರಬೇಕಾ ಬೇಡವಾ ಅನ್ನೋ ವಾದ ನಡೀತಾನೇ ಇದೆ. ಕೆಳಗಿನ ಗುರಿ ಇಟ್ಟು ಇಷ್ಟು ಸಾಕು ಅಂದ ಹಾಗಾಗತ್ತೆ ಅನ್ನೋರ ಮಾತಲ್ಲೂ ಸತ್ಯ ಇದೆ. ಆದ್ರೆ ಐವತ್ತು ಹುಡುಗರ ಮಧ್ಯ ಮೂರು ಹುಡುಗಿಯರು ಕೂತಿರೋ ಹಾಲುಗಳನ್ನ ನಾನು ಎಷ್ಟೋ ನೋಡಿದೀನಿ, ದಾರಿಯಲ್ಲಿ ಒಂದು ಮೆಟ್ಟಿಲು ಜಾಸ್ತಿ ಇದ್ದು ಅದರಿಂದ ಒಬ್ಬ ಹುಡುಗಿ ಆಟ ಬಿಡದೆ ಉಳಿದ್ರೂ ಆ ಮೆಟ್ಟಿಲು ಇರಲಿ ಅಂತ ನನ್ನ ಅಭಿಪ್ರಾಯ.

ಗ್ರ್ಯಾಂಡ್ ಮಾಸ್ಟರ್ ಅನ್ನೋ ಮಾತು ಫಿಡೆಗಿಂತ ಹಳೇದು. 1914ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಟೂರ್ನಮೆಂಟ್ ಮುಗಿದಾಗ ರಷ್ಯಾದ ಝಾರ್ ಐದು ಜನಕ್ಕೆ ಆ ಬಿರುದು ಕೊಟ್ಟ ಅನ್ನೋ ಕಥೆ ಎಲ್ಲ ಕಡೆ ಓಡಾಡತ್ತೆ, ಚೆಸ್ ಇತಿಹಾಸ ಕೆದಕೋರು ಅದನ್ನ ನಂಬಲ್ಲ. ಅಧಿಕೃತವಾಗಿ ಶುರುವಾಗಿದ್ದು 1950ರಲ್ಲಿ, ಫಿಡೆ 27 ಜನಕ್ಕೆ ಒಟ್ಟಿಗೆ ಕೊಟ್ಟಿತು. ಬೊಟ್ವಿನ್ನಿಕ್, ಸ್ಮಿಸ್ಲೋವ್, ಕೆರೆಸ್ ಥರ ಆಗ ತುತ್ತತುದಿಯಲ್ಲಿದ್ದವರ ಜೊತೆಗೇ, ಆಟ ನಿಲ್ಲಿಸಿ ಎಷ್ಟೋ ವರ್ಷ ಆಗಿದ್ದ ರೂಬಿನ್‌ಸ್ಟೈನ್ ಇದ್ರು, 85 ವರ್ಷದ ಜಾಕ್ ಮೀಸೆಸ್ ಇದ್ರು. ಅಂದ್ರೆ ಮೊದಲ ದಿನವೇ ಈ ಟೈಟಲ್ ಈಗಿನ ಬಲಕ್ಕೆ ಮಾತ್ರ ಅಲ್ಲ, ಮಾಡಿ ಮುಗಿಸಿದ ಕೆಲಸಕ್ಕೂ ಸಲ್ಲೋದು ಅಂತ ಒಪ್ಪಿಕೊಂಡಿದ್ರು. ನನಗೆ ಮುಖ್ಯ ಅನ್ಸೋದು ಇದೇ.

ಆ ಪಟ್ಟಿಯಲ್ಲಿ ಇರಬೇಕಾಗಿದ್ದು ಇಲ್ಲದೇ ಹೋದ ಒಂದು ಹೆಸರು ಸುಲ್ತಾನ್ ಖಾನ್. ಪಂಜಾಬಿನವರು, ಸರ್ ಉಮರ್ ಹಯಾತ್ ಖಾನ್ ಅನ್ನೋ ಜಮೀನ್ದಾರರ ಪರಿವಾರದಲ್ಲಿದ್ದು ಅವರ ಜೊತೆ 1929ರಲ್ಲಿ ಇಂಗ್ಲೆಂಡಿಗೆ ಹೋದ್ರು, ಕಲಿತಿದ್ದು ನಮ್ಮ ಹಳೇ ನಿಯಮಗಳ ಚದುರಂಗ, ಪುಸ್ತಕದ ಓಪನಿಂಗ್, ಅಂದ್ರೆ ಆಟದ ಆರಂಭದ ನಡೆಗಳು, ಗೊತ್ತಿರಲಿಲ್ಲ. ಆ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದ್ರು, ಮತ್ತೆ 1932ರಲ್ಲಿ, ಮತ್ತೆ 1933ರಲ್ಲಿ. ಹೇಸ್ಟಿಂಗ್ಸಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾನನ್ನೇ ಸೋಲಿಸಿದ್ರು. ಆಮೇಲೆ ಯಜಮಾನರ ಜೊತೆ ಊರಿಗೆ ವಾಪಸ್, ಅಲ್ಲಿಗೆ ದೊಡ್ಡ ಚೆಸ್ ಮುಗೀತು, 1966ರಲ್ಲಿ ತೀರಿಕೊಂಡ್ರು. 1950ರಲ್ಲಿ ಬದುಕಿದ್ರು, ಯಾರಿಗೂ ನೆನಪಾಗಲಿಲ್ಲ. ಕೊನೆಗೆ 2024ರ ಫೆಬ್ರವರಿಯಲ್ಲಿ ಫಿಡೆ ಅವರಿಗೆ ಗೌರವ ಗ್ರ್ಯಾಂಡ್ ಮಾಸ್ಟರ್ ಕೊಟ್ಟಿತು, ತೀರಿಕೊಂಡು 58 ವರ್ಷಕ್ಕೆ. ಆ ಸುದ್ದಿ ಓದಿದ ದಿನ ನಾನು ಅವರ ಕಾಪಾಬ್ಲಾಂಕಾ ಗೇಮನ್ನ ಬೋರ್ಡ್ ಮೇಲೆ ಇಟ್ಟು ಪೂರ್ತಿ ಆಡಿ ನೋಡಿದೆ. ತಡ ಆಯ್ತು ಅಂತ ಬೇಜಾರು, ಆದ್ರೂ ಬಂತಲ್ಲ ಅನ್ನೋ ಸಮಾಧಾನ. ರೇಟಿಂಗಿಗೆ ಈ ಕೆಲಸ ಮಾಡೋಕೆ ಆಗಲ್ಲ, ಸತ್ತವರಿಗೆ ಯಾರೂ ರೇಟಿಂಗ್ ಕೊಡಲ್ಲ.

ಟೈಟಲ್ ಕಿತ್ತುಕೊಳ್ಳೋದಕ್ಕೆ ದೊಡ್ಡ ಕಾರಣ ಅಂದ್ರೆ ಮೋಸ. 2019ರಲ್ಲಿ ಇಗೋರ್ಸ್ ರೌಸಿಸ್ ಸ್ಟ್ರಾಸ್‌ಬರ್ಗಿನ ಟೂರ್ನಮೆಂಟಲ್ಲಿ ಫೋನ್ ಬಳಸಿ ಸಿಕ್ಕಿಬಿದ್ದಾಗ ಆರು ವರ್ಷ ನಿಷೇಧ ಆಯ್ತು, ಜಿಎಂ ಟೈಟಲ್ಲೂ ಹೋಯ್ತು. 58 ವಯಸ್ಸಲ್ಲಿ ರೇಟಿಂಗ್ 2700ರ ಹತ್ತಿರ ಬಂದಿದ್ದೇ ಜನಕ್ಕೆ ಅನುಮಾನ ಹುಟ್ಟಿಸಿತ್ತು. ಅಷ್ಟು ವರ್ಷ ನಿಯತ್ತಾಗಿ ಆಡಿ ಗಳಿಸಿದ ಅಕ್ಷರಗಳನ್ನ ಏರ್ತಿರೋ ನಂಬರಿನ ಆಸೆಗೆ ಕಳ್ಕೊಳ್ಳೋದು ನೆನೆಸಿಕೊಂಡ್ರೇ ಸಂಕಟ ಆಗತ್ತೆ.

ರ‍್ಯಾಂಕಿಂಗ್ ಅನ್ನೋದು ಮತ್ತೂ ಬೇರೆ, ಅದು ಬರೀ ಪ್ರತಿ ತಿಂಗಳ ಒಂದನೇ ತಾರೀಕು ಬರೋ ರೇಟಿಂಗ್ ಲಿಸ್ಟಲ್ಲಿ ನಿಮ್ಮ ಸಾಲು ಎಷ್ಟನೇದು ಅನ್ನೋದು. ವಿಶ್ವ ಚಾಂಪಿಯನ್ ಅನ್ನೋದು ಇನ್ನೂ ಬೇರೆ, ಅದು ಎದುರುಬದುರು ಕೂತು ಮ್ಯಾಚ್ ಆಡಿ ಗೆಲ್ಲೋದು. 2024ರ ಡಿಸೆಂಬರಲ್ಲಿ ಗುಕೇಶ್ ಸಿಂಗಾಪುರದಲ್ಲಿ ಡಿಂಗ್ ಲಿರೆನ್‌ನ ಸೋಲಿಸಿ 18ಕ್ಕೇ ಚಾಂಪಿಯನ್ ಆದಾಗ ಲಿಸ್ಟಲ್ಲಿ ನಂಬರ್ ಒನ್ ಇದ್ದದ್ದು ಕಾರ್ಲ್‌ಸನ್. ಎರಡೂ ನಿಜ, ಒಂದು ಇನ್ನೊಂದನ್ನ ಸುಳ್ಳು ಮಾಡಲ್ಲ.

ಮತ್ತೆ ನಮ್ಮ ಎಫ್‌ಎಂ ಹಿರಿಯರ ಹತ್ರ ಬರ್ತೀನಿ. ಕಾಯಿ ಎತ್ತಿಡೋವಾಗ ನಾನು ಕೇಳ್ದೆ, "ಸರ್, ನೀವು 2300 ಮುಟ್ಟಿದ್ದು ಯಾವಾಗ?" ಅಂತ. 1980ರ ದಶಕದಲ್ಲಿ ಅಂದ್ರು. ಆಗ ಗಂಡಸರಿಗೆ ಫಿಡೆ ಲಿಸ್ಟ್ ಶುರುವಾಗ್ತಿದ್ದದ್ದೇ 2200ರಿಂದ, ಅದಕ್ಕಿಂತ ಕೆಳಗಿನವರಿಗೆ ಅಂತರರಾಷ್ಟ್ರೀಯ ರೇಟಿಂಗೇ ಇರಲಿಲ್ಲ, ಲಿಸ್ಟ್ ಬರ್ತಿದ್ದದ್ದು ವರ್ಷಕ್ಕೆ ಎರಡು ಸಲ, ಜನವರಿ ಮತ್ತೆ ಜುಲೈ. ಈಗ ಫೋನಲ್ಲಿ ಗೇಮ್ ಮುಗಿದ ನಿಮಿಷಕ್ಕೆ ಎಷ್ಟು ಬಂತು ಎಷ್ಟು ಹೋಯ್ತು ನೋಡ್ತೀವಿ. ಅವರು ಆರು ತಿಂಗಳು ಕಾಯ್ತಿದ್ರಂತೆ, ಪುಸ್ತಕದ ರೂಪದಲ್ಲಿ ಅಚ್ಚಾದ ಲಿಸ್ಟ್ ಯಾರೋ ತಂದಾಗ ಹಾಳೆ ತಿರುಗಿಸಿ ತಮ್ಮ ಹೆಸರು ಹುಡುಕ್ತಿದ್ರಂತೆ. "ಮೊದಲ ಸಲ ಹೆಸರು ನೋಡಿದಾಗ ಎರಡು ಸಲ ಓದಿದೆ, ಸ್ಪೆಲಿಂಗ್ ತಪ್ಪಿತ್ತು, ಆದ್ರೂ ನಂದೇ" ಅಂದ್ರು. ಅವರ ಮುಖ ಆಗ ನೋಡಬೇಕಿತ್ತು ನೀವು.

"ಈಗ ರೇಟಿಂಗ್ ಇಳೀತಾ ಇದ್ಯಲ್ಲ ಸರ್, ಬೇಜಾರಾಗಲ್ವಾ?" ಅಂತ ಕೇಳೋಕೆ ಬಾಯಿಗೆ ಬಂತು, ಕೇಳಲಿಲ್ಲ. ಅವರೇ ಹೇಳಿದ್ರು, ಐದಾರು ಗಂಟೆ ಕೂತ್ರೆ ಈಗ ಸೊಂಟ ಹಿಡಿಯತ್ತೆ, ನಾಲ್ಕನೇ ಗಂಟೆ ಆದ್ಮೇಲೆ ಲೆಕ್ಕ ತಪ್ಪತ್ತೆ, ಆದ್ರೆ ಮನೇಲಿ ಕೂತು ಪುಸ್ತಕ ನೋಡೋದಕ್ಕಿಂತ ಇಲ್ಲಿ ಬಂದು ಮಕ್ಕಳ ಹತ್ರ ಸೋಲೋದು ಮೇಲು ಅಂತ. ರೇಟಿಂಗ್ ಕಾಪಾಡ್ಕೋಬೇಕು ಅಂತ ಆಡೋದನ್ನೇ ನಿಲ್ಲಿಸಿರೋ ಎಷ್ಟೋ ಜನ ನನಗೆ ಗೊತ್ತು, ಹೆಸರಿನ ಪಕ್ಕ ಅದೇ ನಂಬರ್ ವರ್ಷಗಟ್ಟಲೆ ನಿಂತಿರತ್ತೆ, ಇನ್‌ಆಕ್ಟಿವ್ ಅಂತ ಗುರುತು ಬಿದ್ದಿರತ್ತೆ. ಇವರು ಪ್ರತಿ ಟೂರ್ನಮೆಂಟಿಗೂ ಐದೋ ಹತ್ತೋ ಪಾಯಿಂಟ್ ತಂದು ಯಾರಿಗೋ ಕೊಟ್ಟು ಹೋಗ್ತಾರೆ. ಈ ಸಲ ಅದರಲ್ಲಿ 5.2 ನನಗೆ ಬಂತು.

ಏಳನೇ ರೌಂಡಿನ ಶೀಟ್ ಅಂಟಿಸಿದಾಗ ನೋಡ್ತೀನಿ, ಅವರಿಗೆ ಸಿಕ್ಕಿದ್ದು ಅದೇ ಹುಡುಗ. ನನ್ನ ಗೇಮ್ ಬೇಗ ಮುಗಿಸಿ, ಸೋತು, ಅವರ ಬೋರ್ಡ್ ಹತ್ರ ಹೋಗಿ ನಿಂತೆ. ಹುಡುಗ ಗೆದ್ದ. ಚೆನ್ನಾಗೇ ಗೆದ್ದ, ಕುದುರೆ ಬಲಿ ಕೊಟ್ಟು. ಅವರು ಕೈ ಕೊಟ್ಟು, ಸ್ಕೋರ್‌ಶೀಟಿಗೆ ಸಹಿ ಹಾಕಿ, ಎದ್ದು ಹೋಗದೆ ಅಲ್ಲೇ ಕೂತು ಕಾಯಿ ಜೋಡಿಸಿ "ಇಲ್ಲಿ ನಾನು ರಾಜನ್ನ ಎಫ್8ಗೆ ಹಾಕಿದ್ರೆ ಏನ್ ಮಾಡ್ತಿದ್ದೆ ಮರಿ?" ಅಂತ ಕೇಳಿದ್ರು. ಹುಡುಗ ಒಂದು ನಡೆ ತೋರಿಸಿದ, ಅವರು ತಲೆ ಅಲ್ಲಾಡಿಸಿ ಇನ್ನೊಂದು ತೋರಿಸಿದ್ರು, ಹುಡುಗ ಸುಮ್ಮನಾಗಿ ಬೋರ್ಡಿಗೆ ಹತ್ತಿರ ಬಗ್ಗಿದ. ಆರ್ಬಿಟರ್, ಅಂದ್ರೆ ತೀರ್ಪುಗಾರರು, ಬಂದು ಅನಾಲಿಸಿಸ್ ಹೊರಗೆ ಮಾಡ್ಕೊಳ್ಳಿ ಅಂದ್ರು. ಇಬ್ಬರೂ ಬೋರ್ಡ್ ಎತ್ತಿಕೊಂಡು ಹೊರಗೆ ಹೋದ್ರು, ನಾನು ಬ್ಯಾಗ್ ತಗೊಂಡು ಹೊರಡೋವಾಗ ನೋಡಿದ್ರೆ ಇನ್ನೂ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ರು.